ಕೂದಲೆಳೆಯಷ್ಟೂ ಇಳಿಜಾರಿಲ್ಲದ ನೆಲ

ನವೆಂಬರ್ 19, ನಾಶಿಕ

ಸಿಮೆಂಟ್ ಅಂಗಡಿಯವರು ದೀಪಾವಳಿಗೆ ಕೊಟ್ಟ ಡೈರಿ ಇದು. ಮಹಿಬೂಬನಿಗೂ ಒಂದು ಸಿಕ್ಕಿತ್ತು. ಅವನು ಹಾಳೆ ಹರಿದು ಚುರುಮುರಿ ಕಟ್ಟಿಕೊಳ್ಳುತ್ತಿದ್ದಾನೆ. ಕಬ್ಬಿಣ ಬಗ್ಗಿಸುವವನಿಗೆ ಅಕ್ಷರದ ಬೆಲೆ ಏನು ಗೊತ್ತು? ನಾನು ಏಳನೇ ಇಯತ್ತೆಯ ತನಕ ಕಲಿತವನು. ಶುದ್ಧಬರಹದಲ್ಲಿ ಇಡೀ ಸಿಂದಗಿ ತಾಲೂಕಿಗೆ ಮೊದಲಿಗ. ಇಡೀ ತಾಲೂಕಿಗಲ್ಲದಿದ್ದರೂ ನಮ್ಮ ಬೆಂಚಿಗಂತೂ ಹೌದು.

ಎಡಗಾಲಿಗೆ ಪ್ಲಾಸ್ಟರ್ ಹಾಕಿ ಇಂದಿಗೆ ಐದು ದಿನ. ಮೂರನೇ ಮಹಡಿಯಿಂದ ಬಿದ್ದೆನೆಂದು ಎಲ್ಲರಿಗೂ ಹೇಳಿದ್ದೇನೆ. ಡೈರಿಗೆ ಸುಳ್ಳು ಹೇಳಬಾರದು. ಎರಡನೇ ಮಹಡಿ.

ತಗಡಿನ ಪತ್ರಾ ಶೆಡ್ಡಿನಲ್ಲಿ ಒಬ್ಬನೇ ಕುಳಿತಿದ್ದೇನೆ. ಗ್ಯಾಂಗಿನವರೆಲ್ಲ ಕೆಲಸಕ್ಕೆ ಹೋಗಿದ್ದಾರೆ. ತಂಗಿ ನೀಲವ್ವ ಮಾತ್ರ ಇಂದು ಹೋಗಿಲ್ಲ. ಅವಳಿಗೆ ಏಳು ತಿಂಗಳು. ಮೊನ್ನೆಯವರೆಗೂ ಇಟ್ಟಿಗೆ ಹೊತ್ತಳು, ಇಂದು ಪಾದ ಊದಿಕೊಂಡು ಚಪ್ಪಲಿ ಏರುತ್ತಿಲ್ಲ, ತಲೆ ಸಿಡಿಯುತ್ತಿದೆ ಎನ್ನುತ್ತಾಳೆ. ಗಂಡ ಗುರುಬಸವ ಸೆಂಟ್ರಿಂಗ್ ಹಲಗೆ ಬಡಿಯುತ್ತಾನೆ, ಒಳ್ಳೆಯ ಹುಡುಗ, ಅಂಜುಬುರುಕ. "ದವಾಖಾನಿಗೆ ಕರಕೊಂಡು ಹೋಗ್ಲೇನ್ರಿ?" ಎಂದು ನನ್ನನ್ನೇ ಕೇಳುತ್ತಿದ್ದ. ಹೋಗು ಮಾರಾಯ ಎಂದು ಬೈದು ಕಳಿಸಿದೆ.

ನವೆಂಬರ್ 22

ಮಗು ಹುಟ್ಟಿತು. ಗಂಡು. ಜನವರಿ ಕೊನೆಗೆ ಬರಬೇಕಾದವನು ಇಂದೇ ಬಂದಿದ್ದಾನೆ. ನೀಲವ್ವನ ಬಿ.ಪಿ. ಏರಿತ್ತಂತೆ, ಕೊಯ್ದು ತೆಗೆದರು. ತೂಕ ಒಂದು ಕಿಲೋ ಇನ್ನೂರ ಅರವತ್ತು ಗ್ರಾಂ.

ಗೌಂಡಿಯಾದ ನನ್ನ ಗಿಲಾವಿನ ಕರಣಿ ಅದಕ್ಕಿಂತ ಬಹಳ ಹಗುರವೇನಲ್ಲ.

ನವೆಂಬರ್ 30

ಇಂದು ನಡೆದದ್ದನ್ನು ವಿವರವಾಗಿಯೇ ಬರೆಯಬೇಕು. ಮುಂದೆ ಯಾರೂ ನಂಬುವುದಿಲ್ಲ.

ಮಗು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂದಿದೆ. ಇನ್ನು ಮೇಲೆ ಅದನ್ನು ಯಾರಾದರೂ ಬರಿ ಎದೆಗೆ ಹಚ್ಚಿಕೊಂಡು ಗಂಟೆಗಟ್ಟಲೆ ಕೂರಬೇಕಂತೆ, ಮೈಯ ಕಾವಿನಲ್ಲೇ ಅದು ಬೆಳೆಯಬೇಕಂತೆ. ನೀಲವ್ವ ಬೇರೆ ವಾರ್ಡಿನಲ್ಲಿ ಮಲಗಿದ್ದಾಳೆ, ಜ್ವರ ಬಿಟ್ಟಿಲ್ಲ. ಗುರುಬಸವನನ್ನು ಕೂರಿಸಿದರು. ಅವನ ಕೈ ಎಷ್ಟು ನಡುಗಿತೆಂದರೆ ಮಗುವಿನ ಟೊಪ್ಪಿಗೆ ಕಳಚಿ ಬಿತ್ತು. "ಒಡದ ಗಿಡದೀತ್ರಿ," ಎಂದು ಅಳತೊಡಗಿದ.

ವಾರ್ಡಿನ ರೂಪಾ ಸಿಸ್ಟರ್ ಸುತ್ತ ನೋಡಿದರು. ಬಾಗಿಲ ಬಳಿ ಪ್ಲಾಸ್ಟರ್ ಕಾಲು ಚಾಚಿ ನಾನು ಕುಳಿತಿದ್ದೆ.

"ಮಾಮಾ, ತುಮ್ಹಿ ಯಾ, ನೀವ ಬರ್ರಿ. ಇವರು ಎಲ್ಲಿಗೂ ಓಡಿ ಹೋಗೋ ಹಂಗಿಲ್ಲ," ಎಂದು ಅರ್ಧ ಮರಾಠಿ, ಅರ್ಧ ನಮ್ಮ ಭಾಷೆಯಲ್ಲಿ ಹೇಳಿ ನಕ್ಕರು. ಸೋಲಾಪುರದ ಕಡೆಯವರು.

ಎರಡು ಸಲ ಸಾಬೂನು ಹಚ್ಚಿಸಿ ತಿಕ್ಕಿಸಿದರು. ಉಗುರು ಕತ್ತರಿಸಿದರು. ತಂಬಾಕಿನ ಚಂಚಿ ಕಸಿದು ಡ್ರಾವರಿನಲ್ಲಿ ಹಾಕಿದರು. ಆಮೇಲೆ ನನ್ನ ಎದೆಯ ಮೇಲೆ ಅವನನ್ನು ಕಪ್ಪೆಯಂತೆ ಮಲಗಿಸಿ ಬಟ್ಟೆಯಿಂದ ಬಿಗಿದು ಕಟ್ಟಿದರು.

"ಹಲೂ ನಕಾ," ಎಂದರು. ಅಲುಗಾಡಬೇಡಿ.

ಮೂರು ಗಂಟೆ ಅಲುಗಾಡಲಿಲ್ಲ. ಮೂಗು ತುರಿಸಿತು, ಬಿಟ್ಟೆ. ಬಟ್ಟೆಯೊಳಗೆ ಗುಬ್ಬಿಯ ಎದೆಯಂತೆ ಏನೋ ಬಡಿದುಕೊಳ್ಳುತ್ತಿತ್ತು. ನನ್ನದೋ ಅವನದೋ ತಿಳಿಯಲಿಲ್ಲ. ನಾನು ಕುಸ್ತಿ ಹಿಡಿದವನು, ಅಖಾಡದ ಮಣ್ಣಿನಲ್ಲಿ ಮೂರು ಜನರನ್ನು ಎದುರಿಸಿದವನು. (ಇಬ್ಬರು ನನ್ನನ್ನು ಚಿತ್ ಮಾಡಿದರು, ಮೂರನೆಯವನು ಬರಲಿಲ್ಲ. ಗೆದ್ದದ್ದು ಗೆದ್ದದ್ದೇ.) ಇಷ್ಟು ಹಗುರಾದವರು ಯಾರೂ ನನ್ನನ್ನು ಹೀಗೆ ಕಟ್ಟಿ ಹಾಕಿರಲಿಲ್ಲ.

ಅವನ ಹೆಸರು ಇಂದಿನಿಂದ ಪೈಲ್ವಾನ.

ಡಿಸೆಂಬರ್ 12

ಒಂದು ಕಿಲೋ ನಾನೂರ ಹತ್ತು. ನೀಲವ್ವ ಎದ್ದಿದ್ದಾಳೆ, ಮುಂಜಾನೆ ಅವಳ ಪಾಳಿ, ಮಧ್ಯಾಹ್ನ ನನ್ನದು. ಮಹಿಬೂಬ ಸೇಬುಹಣ್ಣು ತಂದಿದ್ದ. ಎರಡು ಕಿಲೋ ಆಗಿದ್ದಾನೆ ಎಂದೆ.

"ಗೊಲ್ಲಾಳಪ್ಪಣ್ಣ, ನಿನ್ನ ಮಾತು ನಾಕರಾಗ ಒಂದು ಪಾಲು ಹಿಡೀತೀನಿ ನಾ. ಅಂದ್ರ ಅರ್ಧ ಕಿಲೋ ಆತು. ಹಂಗಾದ್ರ ಚಿಂತಿ ಮಾಡಬೇಕಾದ್ದ," ಎಂದ. ವಾರ್ಡಿನವರೆಲ್ಲ ನಕ್ಕರು. ಪೈಲ್ವಾನ ನನ್ನ ಅಂಗಿಯೊಳಗೆ ಆಕಳಿಸಿದ.

ಡಿಸೆಂಬರ್ 30

ಮನೆಗೆ ಬಿಟ್ಟರು. ಹೊರಡುವ ಮೊದಲು ಭಾರ್ಗವಿ ಮೇಡಂ ಎಂಬುವರು ಬಂದರು. ಬೇಗ ಹುಟ್ಟಿದ ಮಕ್ಕಳು ತಲೆ ಎತ್ತುವುದು, ಹೊರಳುವುದು, ಕೂರುವುದು ಸರಿಯಾಗಿ ಆಗುತ್ತಿದೆಯೇ ಎಂದು ನೋಡಿ ವ್ಯಾಯಾಮ ಕಲಿಸುವವರು. ತಂದೆ ಓಝರ್‌ನ ವಿಮಾನ ಕಾರ್ಖಾನೆಯಲ್ಲಿದ್ದವರು, ಮೂಲ ಧಾರವಾಡ. ಕನ್ನಡ ಎಲ್ಲ ತಿಳಿಯುತ್ತದೆ, ಆಡುವಾಗ ಮರಾಠಿಗೆ ಹೊರಳುತ್ತಾರೆ.

"ಮಾಮಾ, ಈ ಬಾಳಗೆ, ಈ ಕೂಸಿಗೆ, ಎರಡು ವಯಸ್ಸು ಅವ. ಹುಟ್ಟಿದ ತಾರೀಕಿಂದ ಒಂದು, ಹುಟ್ಟಬೇಕಾಗಿದ್ದ ತಾರೀಕಿಂದ ಒಂದು. ನಾವು ಎರಡನೇದು ಹಿಡೀತೇವ. ಘಾಯಿ ಬ್ಯಾಡ, ಅವಸರ ಮಾಡಬ್ಯಾಡ್ರಿ. ಆದ್ರ ತಿಂಗಳಾ ತಿಂಗಳಾ ತೋರಸಲೇಬೇಕು."

"ಮೇಡಂ, ಎರಡು ವಯಸ್ಸಿದ್ದವಗ ಎರಡು ಪಟ್ಟು ಶಕ್ತಿ ಇರ್ತೈತ್ರಿ," ಎಂದೆ.

ಅವರು ನಗುತ್ತ ಒಂದು ಹಳದಿ ಕಾರ್ಡು ಕೊಟ್ಟರು. ನಾನೇ ಜೋಪಾನವಾಗಿ ಈ ಡೈರಿಯೊಳಗೆ ಇಟ್ಟಿದ್ದೇನೆ.

ಫೆಬ್ರವರಿ 9

ತೊಟ್ಟಿಲ ಶಾಸ್ತ್ರವಾಯಿತು. ಶಶಾಂಕ ಎಂದು ಕಿವಿಯಲ್ಲಿ ಹೇಳಿದರು. ಅದು ಶಾಲೆಗೆ ಇರಲಿ. ಸ್ವಾದರಮಾವನಾದ ನಾನು ಬೆಳ್ಳಿಯ ಉಡದಾರ ಕಟ್ಟಿದೆ. ಮೂರು ಸುತ್ತು ಬಂತು, ಅಷ್ಟು ಸಣ್ಣ ನಡು.

ನಾಳೆ ಗ್ಯಾಂಗು ಸಂಭಾಜಿನಗರಕ್ಕೆ ಹೊರಡುತ್ತದೆ. ಇಲ್ಲಿಯ ಕಟ್ಟಡ ಮುಗಿಯಿತು, ಅಲ್ಲಿ ಹೊಸದು ಏಳುತ್ತಿದೆ. ಹಳದಿ ಕಾರ್ಡಿನಲ್ಲಿ ಇಪ್ಪತ್ತನೇ ತಾರೀಕು ಬರೆದಿದೆ. ನೀಲವ್ವ ಕೇಳಿದಳು, "ಅಣ್ಣಾ, ತೋರಸೂದು ಹೆಂಗ?"

"ಫೋನ್ ಐತಲ್ಲ," ಎಂದೆ.

ಮಾರ್ಚ್ 3, ಸಂಭಾಜಿನಗರ

ಕಾಲು ಕೂಡಿದೆ, ಆದರೆ ಎತ್ತರಕ್ಕೆ ಹತ್ತುವಂತಿಲ್ಲ ಎಂದಿದ್ದಾರೆ. ಗ್ಯಾಂಗಿನ ಮುಕಾದಮ ಹರಿದಾಸ ನನ್ನನ್ನು ಸಿಮೆಂಟ್ ಕೋಣೆ ಕಾಯಲು ಕೂರಿಸಿದ. ನಾನಿಲ್ಲದೆ ಆ ಕೋಣೆ ನಡೆಯುವುದಿಲ್ಲವಂತೆ. ಅವನು ಹಾಗೆ ಹೇಳಲಿಲ್ಲ, ಮುಖ ನೋಡಿದರೆ ತಿಳಿಯುತ್ತದೆ.

ನೀಲವ್ವ ಕೆಲಸಕ್ಕೆ ಹೋಗುತ್ತಾಳೆ, ನಡುನಡುವೆ ಬಂದು ಹಾಲೂಡುತ್ತಾಳೆ. ಉಳಿದ ಹೊತ್ತು ಪೈಲ್ವಾನ ನನ್ನ ವಶ. ಸೀರೆಯ ಜೋಲಿ ಕಟ್ಟಿ ಎರಡು ಕಂಬದ ನಡುವೆ ತೂಗುಹಾಕಿದ್ದೇನೆ. ಅದರೊಳಗೆ ಮುದುಡಿಕೊಂಡು ಮಲಗುತ್ತಾನೆ. ಅಳುವುದೇ ಕಡಿಮೆ. ಗಟ್ಟಿ ಜೀವ.

ಮೇ 27

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕುಳಿತಾಗ ಭಾರ್ಗವಿ ಮೇಡಂ ಫೋನು ಬಂತು. ನೀಲವ್ವ ಆಗಷ್ಟೇ ನೀರು ತರಲು ಹೋಗಿದ್ದಳು. ನಾಶಿಕದ ದೊಡ್ಡ ಮೇಡಂ ನನಗೆ ಫೋನು ಮಾಡುತ್ತಾರೆಂದು ನಾಲ್ಕು ಜನಕ್ಕೆ ತಿಳಿಯಲಿ ಎಂದು ಸ್ಪೀಕರ್ ಹಾಕಿದೆ.

ನಾಲ್ಕು ತಾರೀಕು ತಪ್ಪಿಸಿದಿರಿ ಎಂದು ಮೊದಲು ಬೈದರು. ಆಮೇಲೆ, ಫೋನಿನಲ್ಲೇ ಕೇಳುತ್ತೇನೆ, ಇದ್ದದ್ದು ಇದ್ದ ಹಾಗೆ ಹೇಳಿ ಎಂದರು.

"ಹೊಟ್ಟಿ ಮೇಲೆ ಹಾಕಿದ್ರ ಕೂಸು ತಲಿ ಎತ್ತತದ ಮಾಮಾ?"

"ಎತ್ತೂದೇನ್ರಿ ಮೇಡಂ, ಎತ್ತಿ ಸುತ್ತಲೂ ನೋಡಿ ಹಾಜರಿ ತಗೋತಾನ!"

ಎಲ್ಲರೂ ನಕ್ಕರು. ನನಗೆ ಹುರುಪು ಬಂತು.

"ಮುಷ್ಟಿ ಬಿಚ್ಚತದ? ವಸ್ತು ಹಿಡೀತದ?"

"ಮನ್ನೆ ಮಹಿಬೂಬನ ಗಡ್ಡ ಹಿಡದು ಜಗ್ಗ್ಯಾನ್ರಿ."

ಮಹಿಬೂಬ ಗಡ್ಡ ಮುಟ್ಟಿ ನೋಡಿಕೊಂಡ.

"ಹೊರಳತದ?"

"ಈ ಕಡಿಂದ ಆ ಕಡಿ, ಆ ಕಡಿಂದ ಈ ಕಡಿ!"

"ಛಾನ್! ಹಂಗಾದ್ರ ಆಗಸ್ಟ್‌ದಾಗ ಬಂದ್ರ ನಡೀತದ," ಎಂದರು. ಅವರ ಧ್ವನಿಯೇ ಅರಳಿತು. ಇಷ್ಟು ಸಂತೋಷಪಟ್ಟವರಿಗೆ ಬೇರೆ ಏನು ಹೇಳಲಿ?

ಡೈರಿಗೆ ಸುಳ್ಳು ಹೇಳಬಾರದು. ತಲೆ ಎತ್ತುತ್ತಾನೆ, ಸ್ವಲ್ಪ. ಮುಷ್ಟಿ ಬಿಚ್ಚುವುದಿಲ್ಲ. ಹೊರಳಿಲ್ಲ. ಇಂದಲ್ಲದಿದ್ದರೆ ನಾಳೆ ಹೊರಳುತ್ತಾನೆ. ನಾನು ಒಂದೆರಡು ವಾರ ಮುಂಚೆ ಹೇಳಿದ್ದೇನೆ, ಅಷ್ಟೆ.

ಜೂನ್ 15

ಸಿಂದಗಿ ತಾಲೂಕಿನ ಇತಿಹಾಸದಲ್ಲಿ ಹೀಗೆ ಆಗಿಲ್ಲ!

ಪೈಲ್ವಾನ ನಿಂತ. ಆಡುವ ಮಾತಲ್ಲ. ಕಂಕುಳಿಗೆ ಒಂದು ಕೈ ಕೊಟ್ಟು, ಇನ್ನೊಂದು ಅಂಗೈ ಮೇಲೆ ಅವನ ಪಾದ ಇಟ್ಟೆ. ಸಲಾಕೆಯಂತೆ ನೆಟ್ಟಗೆ ನಿಂತುಬಿಟ್ಟ! ಮೊಣಕಾಲು ಒಂದಿಷ್ಟೂ ಬಾಗಲಿಲ್ಲ. ಅದೂ ಹೇಗೆ, ಹಿಮ್ಮಡಿ ಊರದೆ, ಬರೀ ತುದಿಬೆರಳ ಮೇಲೆ, ಅಖಾಡದಲ್ಲಿ ಜಿಗಿಯಲು ಸಿದ್ಧನಾದವನಂತೆ. ಮುಷ್ಟಿ ನೋಡಬೇಕು, ಹೆಬ್ಬೆರಳು ಒಳಗೆ ಹಾಕಿ ಬಿಗಿದಿದ್ದಾನೆ, ನಾನು ಬಿಚ್ಚಲು ಹೋದರೂ ಬಿಡುವುದಿಲ್ಲ.

ಶೆಡ್ಡಿನ ಹೆಣ್ಣುಮಕ್ಕಳೆಲ್ಲ ಸೇರಿ ಚಪ್ಪಾಳೆ ತಟ್ಟಿದರು. ನೀಲವ್ವ ಮಾತ್ರ, "ಅಣ್ಣಾ, ಲಂಗೋಟಿ ಕಟ್ಟಾಕ ಕಾಲು ಅಗಲ ಮಾಡಾಕ ಬರವಲ್ದು. ಒಂದರ ಮ್ಯಾಲೆ ಒಂದು ಕತ್ತರಿ ಹಾಕ್ತಾನ," ಎಂದಳು.

"ಹುಚ್ಚಿ, ಅದು ತೊಡಿ ಬಲ. ನನ್ನ ಕಾಲು ಹಿಂಗ ಇದ್ದುವು," ಎಂದೆ.

ಅವಳು ಕಾಲು ಅಗಲಿಸದೆ ಮೇಲಿನಿಂದಲೇ ಲಂಗೋಟಿ ಸುತ್ತಿದಳು.

ಜುಲೈ 6

ಪೈಲ್ವಾನ ನಿಲ್ಲುವುದನ್ನು ಗುರುಬಸವನ ಕೈಯಲ್ಲಿ ವಿಡಿಯೋ ಮಾಡಿಸಿದೆ. ತಲೆಗೆ ಕೆಂಪು ರುಮಾಲು ಸುತ್ತಿ, ಹಿಂದೆ ಹಲಗಿ ಬಾರಿಸಿ. ಊರಿಗೆಲ್ಲ ಕಳಿಸಿದೆ. ರೂಪಾ ಸಿಸ್ಟರ್‌ಗೆ ಕಳಿಸಿದೆ. ಭಾರ್ಗವಿ ಮೇಡಂಗೂ ಕಳಿಸಿದೆ: "ನಿಮ್ಮ ಪೇಶಂಟು, ನನ್ನ ಶಿಷ್ಯ."

ಊರಿನಿಂದ ಹದಿನೇಳು ಜನ ಉತ್ತರಿಸಿದ್ದಾರೆ.

ಜುಲೈ 7

ಮೇಡಂ ಫೋನು ಮಾಡಿದರು. ಸ್ಪೀಕರ್ ಹಾಕಲಿಲ್ಲ, ಅವರ ಧ್ವನಿ ಕೇಳಿಯೇ ಹಾಕಲಿಲ್ಲ.

"ಮಾಮಾ, ಅವನ್ನ ನಿಲ್ಲಸಬ್ಯಾಡ್ರಿ. ಇವತ್ತಿಂದ ಒಂದು ಸಲಾನೂ ಬ್ಯಾಡ. ಬುಧವಾರ ಮುಂಜಾನೆ ಗಾಡಿಗೆ ಬರ್ರಿ. ಆಯಿನ್ನ, ಅವರವ್ವನ್ನ, ಕರಕೊಂಡ ಬರ್ರಿ."

ಯಾಕೆ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕೇಳಿದರು, "ನೀವು ಹೊರಳತದ ಅಂದಿದ್ರಿ. ಖರೇ ಹೊರಳತದ?"

ಟವರ್ ಸಿಗುತ್ತಿಲ್ಲ ಎಂದೆ.

ಜುಲೈ 9, ನಾಶಿಕಕ್ಕೆ ಹೋಗಿ ಬಂದು

ಬರೆಯುವ ಮನಸ್ಸಿಲ್ಲ. ಬರೆಯದೆ ಇದ್ದರೆ ನಾಳೆ ಇದನ್ನು ಬೇರೆ ರೀತಿ ಹೇಳಿಬಿಡುತ್ತೇನೆ; ನನ್ನ ಗುಣ ನನಗೆ ಗೊತ್ತು.

ಮೇಡಂ ಅವನನ್ನು ಚಾಪೆಯ ಮೇಲೆ ಮಲಗಿಸಿದರು. ಕಾಲು ಮೆಲ್ಲಗೆ ಅಗಲಿಸಿದರು, ಪಾದ ಮೇಲಕ್ಕೆ ಮಡಚಿದರು, ಮುಷ್ಟಿಯ ಹೆಬ್ಬೆರಳನ್ನು ಬಿಡಿಸಿ ನೋಡಿದರು. ಅವಸರವಿಲ್ಲ, ಒಂದು ಹಾಡು ಗುನುಗುತ್ತಲೇ ಎಲ್ಲ ಮಾಡಿದರು. ಅವನು ಅವರ ಮುಖವನ್ನೇ ನೋಡುತ್ತಿದ್ದ. ಆಮೇಲೆ ನಮ್ಮ ಕಡೆ ತಿರುಗಿದರು.

"ಇದು ಶಕ್ತಿ ಅಲ್ಲ ಮಾಮಾ. ಬಿಗಿ. ಅವ ನಿಂತಿಲ್ಲ, ಕಾಲು ಮಡಚಲಿಕ್ಕೆ ಅವಗ ಬರವಲ್ದು."

ನೀಲವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಬೇಗ ಹುಟ್ಟಿದ ಕೆಲವು ಮಕ್ಕಳಿಗೆ ಹೀಗಾಗುತ್ತದೆ ಎಂದರು ಮೇಡಂ. ಕೆಲವರಲ್ಲಿ ಸಡಿಲಾಗಿ ಹೋಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಇವನದು ಯಾವುದೆಂದು ಈಗಲೇ ಹೇಳಲಾಗದು. ಈ ಒಂದೆರಡು ವರ್ಷ ತಲೆ ಎಲ್ಲವನ್ನೂ ಕಲಿಯುವ ಕಾಲ, ದಿನಾ ಕಲಿಸಬೇಕು. ಇನ್ನೂ ಮೊದಲೇ ತೋರಿಸಿದ್ದರೆ ಚೆನ್ನಾಗಿತ್ತು ಎಂದರು.

ಆಮೇಲೆ ಒಂದು ಕಾಗದ ತೆಗೆದು, "ಮೇ ತಿಂಗಳದಾಗ ನೀವು ಹಿಂಗ ಹೇಳಿದ್ರಿ," ಎಂದು ಓದಿದರು. ತಲೆ: ಹೌದು. ಮುಷ್ಟಿ: ಹೌದು. ಹೊರಳುವುದು: ಹೌದು. ನೀಲವ್ವ ನನ್ನ ಕಡೆ ನೋಡಿದಳು. ನಾನು ಗೋಡೆಯ ಗಿಲಾವು ನೋಡಿದೆ. ಒಳ್ಳೆಯ ಕೆಲಸವಲ್ಲ, ಮೂಲೆಯಲ್ಲಿ ಉಬ್ಬಿತ್ತು.

"ಮತ್ತ ಮೊದಲಿಂದ ಕೇಳಲಿ?" ಎಂದರು.

ಕೇಳಿದರು. ಇಲ್ಲರಿ. ಇಲ್ಲ. ಸ್ವಲ್ಪ. ಇನ್ನೂ ಇಲ್ಲರಿ. ಇಲ್ಲ. ನನ್ನ ಬಾಯಿಂದ ಒಂದೇ ದಿನ ಇಷ್ಟು 'ಇಲ್ಲ' ಬಂದದ್ದು ಇದೇ ಮೊದಲು.

ಬೈಯುತ್ತಾರೆ ಎಂದುಕೊಂಡಿದ್ದೆ. "ವಿಡಿಯೋ ಕಳಿಸಿದ್ದು ಛಲೋ ಆತು ಮಾಮಾ. ಇಲ್ಲಂದ್ರ ಆಗಸ್ಟ್ ತನಕಾ ನನಗ ಗೊತ್ತ ಆಗ್ತಿದ್ದಿಲ್ಲ," ಎಂದರು. ಅದಕ್ಕಿಂತ ಬೈದಿದ್ದರೆ ಮೇಲಿತ್ತು.

ವಾಪಸು ಬರುವಾಗ ನೀಲವ್ವ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ನಿಫಾಡ್ ದಾಟಿತು, ದ್ರಾಕ್ಷಿ ತೋಟಗಳು ಮುಗಿದವು. ಮನ್ಮಾಡದಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಚಹಾ ತಂದುಕೊಟ್ಟೆ. ಕುಡಿಯಲಿಲ್ಲ.

"ಅಣ್ಣಾ, ಊರ ಮಂದಿಗೆ ಏನ್ ಬೇಕಾದ್ದು ಹೇಳು. ನೀ ಮೂರನೇ ಮಾಳಿಗಿಂದ ಬಿದ್ದಿ ಅನ್ನು, ಹತ್ತನೇದು ಅನ್ನು. ಇವನ ಸುದ್ದ್ಯಾಗ ಮಾತ್ರ ಬ್ಯಾಡ."

"ಆತವ್ವ."

"ನಾ ದಿನಾ ಇಟ್ಟಂಗಿ ಹೊರಾಕ ಹೋಗಾಕಿ. ಇಡೀ ದಿನ ಇವನ ಜೋಡಿ ಇರಾಂವ ನೀನ. ನಿನ್ನ ಕಣ್ಣಾಗ ನಾ ನೋಡಬೇಕು. ಅವು ಸುಳ್ಳು ಹೇಳಿದ್ರ ನಾ ಏನ್ ಮಾಡ್ಲಿ ಹೇಳು?"

ಗಾಡಿ ಹೊರಟಿತು. ತಣ್ಣಗಾದ ಚಹಾ ಕುಡಿದು, ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟಳು.

ಜುಲೈ 10

ಜೋಲಿ ಬಿಚ್ಚಿದೆ.

ಜುಲೈ 13

ನೆಲದ ಮೇಲೆ ಬಿಡಿ, ಹೊಟ್ಟೆಯ ಮೇಲೆ ಮಲಗಿಸಿ, ಪಕ್ಕಕ್ಕೆ ಮಲಗಿಸಿ, ಆಟಿಕೆ ಮುಂದಿಡಿ ಎಂದಿದ್ದಾರೆ ಮೇಡಂ. ನಮ್ಮ ಶೆಡ್ಡಿನಲ್ಲಿ ನೆಲ ಎಲ್ಲಿದೆ? ಜಲ್ಲಿ, ಮೊಳೆ, ಇಟ್ಟಿಗೆ ಚೂರು.

ಹರಿದಾಸನ ಬಳಿ ಅರ್ಧ ಚೀಲ ಸಿಮೆಂಟ್ ಕೇಳಿದೆ. "ಕಾಯಾಂವನ ಕೇಳಿದ್ರ ಹೆಂಗೋ?" ಎಂದ. ಯಾಕೆಂದು ಹೇಳಿದೆ. ಉದ್ದಕ್ಕೆ ಹೇಳಲಿಲ್ಲ, ಇದ್ದದ್ದಷ್ಟೇ. ಅವನು ಅರ್ಧ ಚೀಲವನ್ನು ತಾನೇ ಹೊತ್ತು ತಂದು ಹಾಕಿದ.

ಆರು ಫೂಟು ಉದ್ದ, ಐದು ಫೂಟು ಅಗಲ. ಲೆವಲ್ ಪೈಪು ಹಿಡಿಯಲು ಮಹಿಬೂಬ ಬಂದ. ಇಪ್ಪತ್ತೆರಡು ವರ್ಷದ ಗೌಂಡಿ ಕೆಲಸದಲ್ಲಿ ಇಂಥ ನೆಲ ಮಾಡಿಲ್ಲ. ಮೂರು ಸಲ ಉಜ್ಜಿದೆ. ಅಂಗೈ ಸವರಿ ನೋಡಿದೆ, ಕೆನ್ನೆ ಇಟ್ಟು ನೋಡಿದೆ.

"ಇಷ್ಟ್ಯಾಕ ಲೆವಲ್ಲು? ಏನ್ ಅರಮನಿ ಕಟ್ಟಾಕತ್ತಿ?" ಎಂದ ಮಹಿಬೂಬ.

"ಅವ ಹೊರಳಿದಾಗ, ನೆಲ ಹೊರಳಿಸ್ತು ಅಂತ ನೀ ಅನಬಾರದಲ್ಲೋ."

ನಕ್ಕ. ಆದರೆ ಪೈಪನ್ನು ಇನ್ನೊಮ್ಮೆ ಹಿಡಿದು ನೋಡಿದ.

ಜುಲೈ 21

ಏಳು ದಿನ ನೀರುಣಿಸಿ ಒಣಗಿಸಿದೆ. ನೀಲವ್ವನ ಅವ್ವ, ಅಂದರೆ ನಮ್ಮವ್ವ, ಹೊಲಿದು ಕಳಿಸಿದ ಕೌದಿ ಹಾಸಿ ಶಶಾಂಕನನ್ನು ಇಳಿಸಿದೆ. ಹೊಟ್ಟೆಯ ಮೇಲೆ ಹಾಕಿದ ಕೂಡಲೇ ಊರೆಲ್ಲ ಕೇಳುವ ಹಾಗೆ ಅತ್ತ. ನಾನೂ ಅವನ ಎದುರಿಗೆ ಹೊಟ್ಟೆಯ ಮೇಲೆ ಮಲಗಿದೆ. ಸ್ವಲ್ಪ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಆಗಸ್ಟ್ 4

ಹೊಟ್ಟೆಯ ಮೇಲೆ: ಏಳು ಎಣಿಸುವ ತನಕ ತಲೆ ಎತ್ತಿದ. ಬಲ ಮುಷ್ಟಿ ಸ್ವಲ್ಪ ಸಡಿಲ. ಎಡದ್ದು ಮುಚ್ಚಿಯೇ ಇದೆ. ಹೊರಳಲಿಲ್ಲ.

ಆಗಸ್ಟ್ 5

ನಿನ್ನೆಯದು ಏಳಲ್ಲ, ಐದು ಇರಬೇಕು. ನಾನು ಬೇಗ ಬೇಗ ಎಣಿಸಿದ್ದೆ. ಇಂದು ಮಹಿಬೂಬನ ಗಡಿಯಾರ ಇಟ್ಟುಕೊಂಡು ನೋಡಿದೆ. ಐದು.

ಆಗಸ್ಟ್ 19

ವ್ಯಾಯಾಮ ಮಾಡಿಸುವಾಗ ಬಹಳ ಅತ್ತ. ಕಾಲು ಅಗಲಿಸುವಾಗ ನೋವಾಗುತ್ತಿದೆಯೋ ಎಂದು ಮೇಡಂಗೆ ವಿಡಿಯೋದಲ್ಲಿ ತೋರಿಸಿದೆ. ಜಗ್ಗಬೇಡಿ, ಆಡಿಸುತ್ತ ಆಡಿಸುತ್ತ ಮಾಡಿ, ಅತ್ತರೆ ನಿಲ್ಲಿಸಿ, ಎತ್ತಿಕೊಳ್ಳಿ ಎಂದರು. ಎತ್ತಿಕೊಂಡೆ. ಅಂಗಿ ಬಿಚ್ಚಿ ಎದೆಗೆ ಹಚ್ಚಿಕೊಂಡೆ, ನಾಶಿಕದಲ್ಲಿ ಮಾಡಿದಂತೆ. ಈಗ ಕಾಲು ನನ್ನ ಸೊಂಟದ ತನಕ ಬರುತ್ತವೆ. ಸುಮ್ಮನಾದ.

ಊರಿನಿಂದ ಗೆಳೆಯರು ಫೋನು ಮಾಡಿ, "ಪೈಲ್ವಾನ ಈಗ ಓಡ್ಯಾಡ್ತಾನೇನು?" ಎಂದರು. ಇನ್ನೂ ಇಲ್ಲ ಎಂದೆ. ಯಾಕೆ ಎಂದು ಕೇಳಿದರು. ಅವನು ಕಲಿಯುತ್ತಿದ್ದಾನೆ ಎಂದೆ.

ಸೆಪ್ಟೆಂಬರ್ 10, ನಾಶಿಕ

ಇದು ಜುಲೈ ಆದ ಮೇಲೆ ಎರಡನೇ ಭೇಟಿ. ಎರಡರಲ್ಲಿ ಒಂದು ತಾರೀಕೂ ತಪ್ಪಿಸಿಲ್ಲ. ಮೇಡಂ ನನ್ನ ಡೈರಿ ಕೇಳಿದರು. ಕೊಡಲಿಲ್ಲ, ಆಗಸ್ಟಿನಿಂದ ಬರೆದ ಎಣಿಕೆಗಳನ್ನು ಮಾತ್ರ ಓದಿ ಹೇಳಿದೆ. ಅವರು ಎಲ್ಲ ಬರೆದುಕೊಂಡರು. ಹಿಮ್ಮಡಿ ಮೊದಲಿಗಿಂತ ಇಳಿಯುತ್ತಿದೆ, ಕೈ ಬಿಚ್ಚುತ್ತಿದೆ, ಆದರೂ ಈಗಲೇ ಏನೂ ಹೇಳುವುದಿಲ್ಲ ಎಂದರು.

"ನಿಮ್ಮ ಕಾಲಿಗೆ ಏನಾಗಿತ್ತು ಮಾಮಾ? ಎಲ್ಲಿಂದ ಬಿದ್ದಿದ್ರಿ?"

"ಏಣಿಯ ನಾಲ್ಕನೇ ಮೆಟ್ಟಿಲಿಂದ್ರಿ."

ಯಾಕೋ ಬಾಯಿ ತಪ್ಪಿ ಬಂದುಬಿಟ್ಟಿತು. ನೀಲವ್ವ ಬಿದ್ದು ಬಿದ್ದು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಳು.

ಶಶಾಂಕ ಮುಂದೆ ಏನು ಮಾಡಬೇಕೆಂದು ನಿಮಗೆ ಆಸೆ ಎಂದು ಮೇಡಂ ನಮ್ಮಿಬ್ಬರನ್ನೂ ಕೇಳಿದರು. ನೀಲವ್ವ ನಡೆಯಲಿ ಎಂದಳು. ನಾನು, "ಜವಳದ ದಿನ ಸ್ವಾದರಮಾವನ ತೊಡಿ ಮ್ಯಾಲ ಕುಂಡ್ರಸಿ ಮೊದಲನೇ ಕೂದಲಾ ತಗಸೂದು ನಮ್ಮ ಪದ್ಧತಿರಿ. ಅವತ್ತ ಹಿಡಕೊಳ್ಳಾರದ ಕುಂತರ ಸಾಕು," ಎಂದೆ. ಅವರು ಅದನ್ನೂ ಬರೆದುಕೊಂಡರು.

ಅಕ್ಟೋಬರ್ 2

ಎಡ ಮುಷ್ಟಿ ಬಿಚ್ಚಿತು. ಹಿತ್ತಾಳೆಯ ಬಟ್ಟಲು ಮುಂದಿಟ್ಟಿದ್ದೆ, ಅದರ ಮೇಲೆ ಕೈ ಇಟ್ಟ. ಹಿಡಿಯಲಿಲ್ಲ. ಇಟ್ಟ.

ಮಹಿಬೂಬನಿಗೆ ಹೇಳಿದೆ. "ಇಟ್ಟನಾ, ಹಿಡಿದನಾ?" ಎಂದು ಕೇಳಿದ. ಇಟ್ಟ ಎಂದೆ. ನಾಲ್ಕರಲ್ಲಿ ಒಂದು ಪಾಲು ಮಾಡಲಿಲ್ಲ ಅವನು. ಬೀಡಿ ಆರಿಸಿ, ಕೈ ತೊಳೆದು ಬಂದು, ತನ್ನ ಗಡ್ಡವನ್ನು ಮಗುವಿನ ಕೈಗೆ ಎಟಕುವಂತೆ ಬಗ್ಗಿಸಿ ಬಹಳ ಹೊತ್ತು ಕುಳಿತ.

ಅಕ್ಟೋಬರ್ 16

ಮಧ್ಯಾಹ್ನ. ಬುತ್ತಿಯ ಹೊತ್ತು ಆಗಿರಲಿಲ್ಲ, ಎಲ್ಲರೂ ಮೇಲೆ ಸ್ಲ್ಯಾಬಿನ ಕೆಲಸದಲ್ಲಿದ್ದರು. ಸೆಕೆಗೆ ಕೌದಿ ತೆಗೆದು, ಶಶಾಂಕನನ್ನು ಬರಿ ನೆಲದ ಮೇಲೆ ಬೆನ್ನ ಮೇಲೆ ಮಲಗಿಸಿದ್ದೆ. ಬಟ್ಟಲು ಅವನ ಎಡಕ್ಕೆ ಇತ್ತು. ನಾನು ಸಿಮೆಂಟ್ ಚೀಲಕ್ಕೆ ಒರಗಿ ಕುಳಿತಿದ್ದೆ.

ಅವನು ಬಟ್ಟಲನ್ನು ನೋಡಿದ. ಬಲಗಾಲು ಮಡಚಿದ. ಮಡಚಿತು. ಸೊಂಟ ತಿರುಗಿತು, ಬಲಗೈ ಎದೆಯ ಮೇಲಿಂದ ಆಚೆ ಹೋಯಿತು. ಅಲ್ಲಿಗೆ ನಿಂತ. ಪಕ್ಕಕ್ಕೆ ಮಲಗಿದವನಂತೆ ಅಲ್ಲಾಡುತ್ತ ಉಳಿದ. ನಾನು ಎದ್ದು ಒಂದು ಬೆರಳು ತಾಗಿಸಿದ್ದರೆ ಸಾಕಿತ್ತು. ತಾಗಿಸಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಕುಳಿತೆ. ಹಲೂ ನಕಾ, ಹಲೂ ನಕಾ ಎಂದು ನನಗೆ ನಾನೇ ಹೇಳಿಕೊಂಡೆ.

ಹೊರಳಿದ.

ಎಡಗೈ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತು. ಮುಖ ಕೆಂಪಾಯಿತು, ಅಳಲು ತುಟಿ ಮುಂದೆ ಬಂತು, ಆಮೇಲೆ ಏನೋ ನೆನಪಾದವನಂತೆ ತಾನೇ ಜಗ್ಗಿ ಕೈ ತೆಗೆದ. ತಲೆ ಎತ್ತಿ ನನ್ನನ್ನು ನೋಡಿದ. ಹನ್ನೊಂದು ಎಣಿಸುವ ತನಕ. ಮೆಲ್ಲಗೆ ಎಣಿಸಿದ್ದೇನೆ.

ಮೊದಲು ತಂಬಿಗೆಯಿಂದ ಎರಡು ಹನಿ ನೀರು ನೆಲದ ಮೇಲೆ ಬಿಟ್ಟೆ. ನಿಂತಲ್ಲೇ ನಿಂತವು, ಯಾವ ಕಡೆಗೂ ಹರಿಯಲಿಲ್ಲ. ನೆಲ ಹೊರಳಿಸಿದ್ದಲ್ಲ. ಆಮೇಲೆ ಕೂಗಲೆಂದು ಬಾಗಿಲಿಗೆ ಓಡಿದೆ. ಮೇಲೆ ನೀಲವ್ವ ಬುಟ್ಟಿ ಹೊತ್ತು ಸಾಲಿನಲ್ಲಿ ನಡೆಯುತ್ತಿದ್ದಳು. ತುಂಬಿದ ಬುಟ್ಟಿ. ಸ್ಲ್ಯಾಬು ಅರ್ಧಕ್ಕೆ ಬಿಟ್ಟು ಬರುವಂತಿಲ್ಲ.

ಬಾಗಿಲಲ್ಲಿ ನಿಂತೆ. ಬಾಯಿ ತೆರೆದದ್ದು ಹಾಗೆಯೇ ಇತ್ತು. ಮುಚ್ಚಿಕೊಂಡು ಒಳಗೆ ಬಂದೆ.

ಬುತ್ತಿಯ ಹೊತ್ತಿಗೆ ಎಲ್ಲ ಬಂದರು. "ಏನ್ ಹೊಸಾ ಸುದ್ದಿ ಗೊಲ್ಲಾಳಪ್ಪಣ್ಣ?" ಎಂದ ಮಹಿಬೂಬ. ಏನಿಲ್ಲಪ್ಪ ಎಂದೆ. ಅವನು ನನ್ನ ಮುಖ ಬಹಳ ಹೊತ್ತು ನೋಡಿದ. ನೀಲವ್ವ ಮಗುವಿಗೆ ಹಾಲೂಡಿದಳು, ಅವನು ಅಲ್ಲೇ ಮಲಗಿಬಿಟ್ಟ.

ಸಂಜೆ ಕೆಲಸ ಬಿಟ್ಟ ಮೇಲೆ ಅವಳು ಕೈಕಾಲು ತೊಳೆದು ಬರುವ ಹೊತ್ತಿಗೆ ಅವನನ್ನು ಅದೇ ಜಾಗದಲ್ಲಿ ಮಲಗಿಸಿ, ಬಟ್ಟಲನ್ನು ಎಡಕ್ಕೆ ಇಟ್ಟೆ.

"ನೀಲವ್ವ, ಇಲ್ಲಿ ಸ್ವಲ್ಪ ಕುಂಡ್ರವ್ವ. ನಾ ಚೀಲ ಎಣಿಸಿ ಬರ್ತೀನಿ," ಎಂದು ಸಿಮೆಂಟ್ ಕೋಣೆಯ ಹಿಂದೆ ಹೋಗಿ ನಿಂತೆ.

ಒಂದು ನಿಮಿಷವಲ್ಲ, ಎರಡಲ್ಲ, ಬಹಳ ಹೊತ್ತು. ಇಂದು ಇನ್ನೊಮ್ಮೆ ಮಾಡದಿದ್ದರೆ? ನನ್ನ ಮಾತು ಯಾರು ನಂಬುತ್ತಾರೆ? ಗೋಡೆಗೆ ಹಣೆ ಇಟ್ಟು ನಿಂತಿದ್ದೆ.

ಆಗ ಅವಳು ಕಿರುಚಿದಳು.

"ಅಣ್ಣಾ! ಏ ಅಣ್ಣಾ! ಹೊರಳಿದ! ಬರ್ರಿ ಎಲ್ಲಾರೂ, ಹೊರಳಿದಾ!"

ಗುರುಬಸವ ಸುತ್ತಿಗೆ ಹಿಡಿದುಕೊಂಡೇ ಓಡಿ ಬಂದ. ಮಹಿಬೂಬ, ಹರಿದಾಸ, ಹೆಣ್ಣುಮಕ್ಕಳು, ಇಡೀ ಗ್ಯಾಂಗು ಬಂತು. ನೀಲವ್ವ ಅಳುತ್ತಿದ್ದಳು, ನಗುತ್ತಿದ್ದಳು, ಮಗುವನ್ನು ಎತ್ತಿಕೊಂಡು ಮತ್ತೆ ಇಳಿಸಿ ಎಲ್ಲರಿಗೂ ತೋರಿಸುತ್ತಿದ್ದಳು. ನಾನು ಕೊನೆಗೆ ಬಂದು ಹಿಂದೆ ನಿಂತೆ.

"ಅಣ್ಣಾ, ದಿನಾ ಅವನ ಮುಂದ ಕುಂತಾಂವ ನೀ. ಆದ್ರ ಮೊದಲ ನೋಡಿದಾಕಿ ನಾ! ನಿನಗಿಂತ ಮೊದಲ ನಾ ನೋಡಿದೆ!"

"ಹೌದವ್ವ, ನೀನ ಮೊದಲು," ಎಂದೆ.

"ಇವತ್ತ ಸೋತ ನೋಡ್ರಿ ಗೊಲ್ಲಾಳಪ್ಪಣ್ಣ!" ಎಂದ ಮಹಿಬೂಬ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಹಿಬೂಬನ ಕಣ್ಣು ಮಾತ್ರ ನೆಲದ ಮೇಲೆ, ತಂಬಿಗೆಯ ಪಕ್ಕದಲ್ಲಿ ಒಣಗಿ ಉಳಿದಿದ್ದ ಎರಡು ಹನಿಯ ಕಲೆಯ ಮೇಲೆ ಇತ್ತು. ನನ್ನ ಕಡೆ ನೋಡಿ, ಅದನ್ನು ಅಂಗಾಲಿನಿಂದ ಉಜ್ಜಿ ಅಳಿಸಿದ.

ನೀಲವ್ವ ಈಗ ಊರಿಗೆ ಫೋನು ಮಾಡುತ್ತಿದ್ದಾಳೆ. ಪತ್ರಾ ಗೋಡೆಯ ಆಚೆಯಿಂದ ಕೇಳಿಸುತ್ತಿದೆ. ಮೂರು ಸಲ ಹೊರಳಿದ ಎನ್ನುತ್ತಿದ್ದಾಳೆ. ಒಂದೇ ಸಲ ಹೊರಳಿದ್ದು. ನನ್ನ ತಂಗಿಯಲ್ಲವೇ, ಇರಲಿ.

ಡೈರಿಗೆ ಸುಳ್ಳು ಹೇಳಬಾರದು. ಎರಡು ಸಲ. ಮೊದಲನೆಯದು ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ, ಎಡಕ್ಕೆ.